ಬೋರ್ಡಿನ ಮೇಲಿನ ಮೂರಕ್ಷರ

ಮಾರ್ಚ್ ೩, ಮಂಗಳವಾರ

ಬೆಳಿಗ್ಗೆ ನಾಲ್ಕು ಫೋಟೊ ಫ್ರೇಮ್ ಕೂಡಿಸಿದೆ. ಮೂರಕ್ಕೆ ಮೂಲೆ ಸರಿಯಾಗಿ ಕೂತಿತು. ನಾಲ್ಕನೆಯದಕ್ಕೆ ಕೂದಲೆಳೆಯಷ್ಟು ಸಂದು. ಗಿರಾಕಿಗೆ ಕಾಣುವಂಥದ್ದಲ್ಲ. ಮಗಳಿಗೆ ಕಂಡಿತು. "ಅಪ್ಪಾ, ಇದನ್ನ ಬಿಚ್ಚು" ಅಂದಳು. ಬಿಚ್ಚಿದೆ. ಕೆಲಸ ಕಲಿಸಿದ್ದು ನಾನು, ಈಗ ಬೈಸಿಕೊಳ್ಳುವುದೂ ನಾನು. ಸಂತೋಷವೇ.

ಮಾವ, ಅಂಗಡಿಯ ಯಜಮಾನರು, ಮೂಲೆಯ ಕುರ್ಚಿಯಲ್ಲಿ ಕೂತು ಹಳೆಯ ಮೊಳೆ ನೆಟ್ಟಗೆ ಮಾಡುತ್ತಿದ್ದರು. ಟಕ್ ಟಕ್ ಟಕ್. ಹೊಸ ಮೊಳೆ ಪೊಟ್ಟಣಗಟ್ಟಲೆ ಒಳಗೆ ಬಿದ್ದಿದೆ. ಅದನ್ನು ಒಡೆಯಬಾರದು, ಹಳೆಯದು ಮುಗಿಯಬೇಕು. ಹಳೆಯದು ಯಾವ ಕಾಲಕ್ಕೆ ಮುಗಿದೀತು? ಮುಂದೆ ಅಂಗಡಿ, ಹಿಂದೆ ಮನೆ; ಎರಡರಲ್ಲೂ ಏನನ್ನೂ ಎಸೆಯುವುದಿಲ್ಲ. ಗಿರಾಕಿಗಳು ಬಿಟ್ಟುಹೋದ ಫೋಟೊ, ಒಡೆದ ಗಾಜು, ಫ್ರೇಮಿನ ತುಂಡು ಪಟ್ಟಿ, ನಾನು — ಎಲ್ಲ ಹೀಗೇ ಉಳಿದುಕೊಂಡಿದ್ದೇವೆ.

ಅಷ್ಟರಲ್ಲಿ ಭಾವ ಬಂದ. ಹೆಂಡತಿಯ ಅಣ್ಣ ಎನ್ನುವ ಒಂದೇ ಕಾರಣಕ್ಕೆ ಈ ಪ್ರಾಣಿಯನ್ನು ಭಾವ ಅನ್ನಬೇಕು. ವಿಮೆ ಆಫೀಸಿನಿಂದ ರಿಟೈರ್ ಆದ ಮೇಲೆ ತಲೆ ಖಾಲಿ. ಮೊದಲೂ ತುಂಬಿರಲಿಲ್ಲ.

"ಅಳಿಯಂದ್ರೇ, ನಮ್ಮ ಮನೆತನದ ಹೆಸರಿನ ಇತಿಹಾಸ ಬರೆಸ್ತಾ ಇದ್ದೀನಿ. ದೊಡ್ಡ ಸಂಶೋಧಕರನ್ನ ಹಿಡಿದಿದ್ದೀನಿ. ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ — ನಿಮ್ಮದು ಬರೀ ಚುಕ್ಕೆ."

ಚುಕ್ಕೆ! ನನಗೆ ಅಡ್ಡಹೆಸರಿಲ್ಲ. ಅಪ್ಪನ ಹೆಸರಿನ ಮೊದಲ ಅಕ್ಷರ, ಒಂದು ಚುಕ್ಕೆ, ಆಮೇಲೆ ನಾನು. ಮದುವೆಯಾದ ದಿನದಿಂದ ಇದೇ ಜೋಕು. ಆತನೇ ಹೇಳುತ್ತಾನೆ, ಆತನೇ ನಗುತ್ತಾನೆ.

ಇವರ ಹೆಸರೋ, ಮೂರಕ್ಷರ. ಅಂಗಡಿಯ ಮೇಲೆ ಮರದ ಬೋರ್ಡಿನಲ್ಲಿ ಕೆತ್ತಿದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ದಿನಾ ಅದರ ಕೆಳಗೆ ತಲೆ ತಗ್ಗಿಸಿ ಒಳಗೆ ಬರುತ್ತಿದ್ದೇನೆ. ಅಷ್ಟು ಸಾಕು. ಈ ಅಂಗಡಿ ಎಂದಾದರೂ ನನ್ನ ಕೈಗೆ ಬಂದರೆ ಮೊದಲು ಆ ಬೋರ್ಡು ಇಳಿಸುತ್ತೇನೆ. ಒಲೆಗೆ ಹಾಕುತ್ತೇನೆ.

ಮಾರ್ಚ್ ೮, ಭಾನುವಾರ

ಸಂಶೋಧಕ ಬಂದ. ಕೋಟು, ಚರ್ಮದ ಚೀಲ, ಜೇಬಿನಲ್ಲಿ ಮೂರು ಪೆನ್ನು. ಮೂರೂ ಮುಚ್ಚಿಯೇ ಇದ್ದವು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾನಂತೆ.

ಮೊದಲು ನಿಂತಿದ್ದು ಮೂಲಪುರುಷನ ಮುಂದೆ. ಗಲ್ಲಾ ಹಿಂದಿನ ಗೋಡೆಯ ದೊಡ್ಡ ಫೋಟೊ. ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಗಡಿಯಾರದ ಸರಪಳಿ, ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿದೆ. ಇವರ ಮನೆತನ ಶುರುವಾಗಿದ್ದೇ ಈತನಿಂದ ಎಂದು ನಂಬಿಕೆ. ಹೆಂಡತಿ ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಬೆಳಿಗ್ಗೆ ಎದ್ದು ಮೊದಲು ಈ ಗಾಜು ಒರೆಸುತ್ತಾಳೆ. ಈಗಲೂ.

"ನೋಡಿ, ನೋಡಿ, ಈ ದೃಷ್ಟಿ!" ಅಂದ ಸಂಶೋಧಕ. "ಅರೆಗಣ್ಣು! ಯುದ್ಧದಲ್ಲಿ ಗುರಿ ಇಟ್ಟೂ ಇಟ್ಟೂ ಬಂದಿದ್ದು. ಸೇನಾಪತಿ ವಂಶದ ಲಕ್ಷಣ."

"ನಮ್ಮ ಮನೇಲಿ ಎಲ್ಲರಿಗೂ ಹೀಗೇ" ಅಂದ ಭಾವ. ಭಾವನ ಕಣ್ಣು ಎರಡೂ ಕಪ್ಪೆಯದರಂತೆ ಹೊರಗೇ ಇವೆ. ಮಾವನಿಗೂ ಹಾಗೇ. ನನ್ನ ಹೆಂಡತಿಗೂ ದೊಡ್ಡ ಕಣ್ಣು — ಅವಳಿಗೆ ಒಪ್ಪುತ್ತದೆ, ಅದು ಬೇರೆ ಮಾತು. ರೆಪ್ಪೆ ಇಳಿದವರು ಒಬ್ಬರಾದರೂ ಇದ್ದರೆ ತೋರಿಸಲಿ.

ಸಂಶೋಧಕ ಮಾವನ ಕಡೆ ತಿರುಗಿ ಕೂಗಿ ಕೇಳಿದ. ಮಾವನಿಗೆ ಕಿವಿ ಮಂದ. "ಯಜಮಾನ್ರೇ, ನಿಮ್ಮ ಪೂರ್ವಜರು ರಾಜರ ಹತ್ರ ಸೇನಾಪತಿ ಆಗಿದ್ರು ಅಂತ ಬರ್ಕೊಳ್ಲಾ?"

"ಹೂಂ, ಬರ್ಕೊ."

"ಖಜಾನೆ ಕೂಡ ನೋಡ್ಕೋತಾ ಇದ್ರಂತಲ್ಲ?"

"ಬರ್ಕೊ, ಬರ್ಕೊ." ಟಕ್ ಟಕ್. ಮೊಳೆಯಿಂದ ಕಣ್ಣೆತ್ತಲಿಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಮಾವ ಮಾತಿನಲ್ಲೂ ಜುಗ್ಗ. ಎರಡು ಶಬ್ದದಲ್ಲಿ ಮುಗಿಯುವುದಕ್ಕೆ ಮೂರನೆಯದನ್ನು ಖರ್ಚು ಮಾಡುವುದಿಲ್ಲ.

ಮಾರ್ಚ್ ೧೦

ಲಾಂಛನ ಬಂತು. ಸಿಂಹ. ಸಿಂಹದ ಕೈಯಲ್ಲಿ ಕತ್ತಿ, ಬಾಯಲ್ಲಿ ಬೀಗದ ಕೈ, ಕೆಳಗೆ ಆ ಮೂರಕ್ಷರ. ಸರ್ಕಸ್ಸಿನ ಸಿಂಹಕ್ಕೂ ಇಷ್ಟು ಕೆಲಸ ಹೇಳುವುದಿಲ್ಲ. ಮುಂದಿನ ತಿಂಗಳು ಹಾಲ್ ಹಿಡಿದು ಮನೆತನದ ಸಭೆಯಂತೆ, ಅಲ್ಲಿ ಹಂಚಲು ಇಪ್ಪತ್ತೈದು ಪ್ರತಿಗೆ ಫ್ರೇಮ್ ಹಾಕಬೇಕಂತೆ. "ಮನೆ ಕೆಲಸ ತಾನೇ" ಅಂದ ಭಾವ. ಅಂದರೆ ಪುಕ್ಕಟೆ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇಲ್ಲಿ ಐಶ್ವರ್ಯವೂ ಬಂದಿಲ್ಲ. ಬರೀ ಕೊಡೆ.

ಮಾರ್ಚ್ ೨೨, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ…

ಮಧ್ಯಾಹ್ನ ಊಟದ ಹೊತ್ತಿಗೆ ಭಾವ ಮಗನನ್ನು ಕರೆದುಕೊಂಡು ಬಂದ. ತಟ್ಟೆಯ ಮುಂದೆ ಕೂತೇ ವಿಷಯ ತೆಗೆದ.

"ಅಪ್ಪಾ, ಅಂಗಡಿ ಯಾರಿಗೆ ಅಂತ ಈಗಲೇ ತೀರ್ಮಾನ ಮಾಡಿಬಿಡಿ. ನಮ್ಮ ಹೆಸರಿನ ಅಂಗಡಿ ನಮ್ಮ ಹೆಸರಿರೋರ ಕೈಲೇ ಇರ್ಬೇಕು. ನಾಳೆ ಈ ಹುಡುಗಿ ಇನ್ನೊಂದು ಮನೆಗೆ ಹೋಗ್ತಾಳೆ. ಅಳಿಯಂದ್ರು ಒಳ್ಳೆಯವರೇ, ಇಲ್ಲ ಅನ್ನಲ್ಲ. ಆದ್ರೆ ಹೊರಗಿನವರು."

ಅಂಗಡಿ ಕೈಗೆ ಬಂದರೆ ಭಾವನ ಮಗ ಇಲ್ಲಿ ಮೊಬೈಲ್ ಕವರ್ ಮಾರುತ್ತಾನಂತೆ. ಪಟ್ಟಿ ಕತ್ತರಿಸುವ ಮೇಜು ತೆಗೆದು ಅಲ್ಲಿ ಗಾಜಿನ ಶೋಕೇಸ್ ಇಡಬಹುದೆಂದು ಹೇಳುತ್ತಾ ಕೈಯಲ್ಲಿ ಅಳತೆ ತೋರಿಸಿದ. ಆ ಮೇಜಿನ ಮೇಲೆ ನನ್ನ ಮಗಳ ಎಡಗೈ ಗಾಯದ ರಕ್ತದ ಕಲೆ ಇನ್ನೂ ಇದೆ. ಕೆಲಸ ಕಲಿಯುವಾಗ ಆಗಿದ್ದು. ಅವಳಿಗೆ ಬೇರೆ ಕೆಲಸ ಬೇಡ. ನನಗೂ ಬೇರೆ ಕೆಲಸ ಬರುವುದಿಲ್ಲ.

ಮಾವ ಅಗಿಯುವುದು ಮುಗಿಸಿ, ನೀರು ಕುಡಿದು, ಹೇಳಿದರು. "ಆಗ್ಲಿ. ಹೆಸರು ಯಾರದೋ ಅಂಗಡಿ ಅವರದೇ."

"ಸಭೇಲಿ ಎಲ್ಲರ ಮುಂದೆ ಹೇಳ್ತೀರಾ?"

"ಹೇಳ್ತೀನಿ."

ಮಗಳು ತಟ್ಟೆ ಬಿಟ್ಟು ಎದ್ದು ಹೋದಳು. ನಾನು ಪೂರ್ತಿ ಊಟ ಮಾಡಿದೆ. ಇವರ ಮುಂದೆ ಹಸಿವು ಸತ್ತಂತೆ ತೋರಿಸಿಕೊಳ್ಳುವುದೂ ಸೋಲು.

ಮಾರ್ಚ್ ೨೩

ಹೆಂಡತಿಯ ಮೇಲೆ ಹರಿಹಾಯ್ದೆ. ನಿಮ್ಮ ಅಪ್ಪ ಹಾಗೆ, ನಿಮ್ಮ ಅಣ್ಣ ಹೀಗೆ, ನಿಮ್ಮ ವಂಶವೇ ಜಿಗಣೆ ವಂಶ, ಆ ಗೋಡೆಯ ಮೇಲಿರುವ ಅರೆಗಣ್ಣನಿಂದ ಹಿಡಿದು…

"ಅವರ ತಂಟೆಗೆ ಹೋಗ್ಬೇಡಿ" ಅಂದಳು.

"ಓಹೋ, ಸೇನಾಪತಿ ಅಂದ್ರೆ ಕೋಪ ಬರುತ್ತೋ?"

"ಸೇನಾಪತಿಯೋ ಅಲ್ವೋ ನನಗೇನ್ರೀ ಗೊತ್ತು? ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ. ಅಪ್ಪ ಮಾತಾಡ್ತಾ ಇರ್ಲಿಲ್ಲ. ಅಣ್ಣ ಹಾಸ್ಟೆಲ್ ಸೇರಿದ. ಸ್ಕೂಲಿಂದ ಬಂದು ನಾನು ಎಲ್ಲ ಹೇಳ್ತಾ ಇದ್ದಿದ್ದು ಅವರ ಹತ್ರ. ಮಾರ್ಕ್ಸು, ಜಗಳ, ಎಲ್ಲ. ನಿಮ್ಮನ್ನ ಒಪ್ಕೊಂಡಿದ್ದೂ ಮೊದಲು ಅವರಿಗೇ ಹೇಳಿದ್ದೆ."

ಇಷ್ಟು ವರ್ಷದಲ್ಲಿ ಇದನ್ನು ಹೇಳಿರಲಿಲ್ಲ. "ಅವನೇನು ಅಂದ?" ಎಂದೆ.

"ಒಂದು ಕಣ್ಣು ಮುಚ್ಚಿದ್ರು. ಎಂದಿನ ಹಾಗೆ."

ನಗು ಬಂತು. ಇಬ್ಬರಿಗೂ. ಆಮೇಲೆ ಮತ್ತೆ ಸಿಟ್ಟು ಬಂತು, ನನಗೆ ಮಾತ್ರ.

ಏಪ್ರಿಲ್ ೨

ಭಾವನ ಕಾಲು ನೆಲದ ಮೇಲಿಲ್ಲ. ಸಭೆಯ ಆಮಂತ್ರಣದಲ್ಲಿ ಮೂಲಪುರುಷನ ಫೋಟೊ ಹಾಕಿ ವಾಟ್ಸ್ಆ್ಯಪಿನಲ್ಲಿ ಊರೆಲ್ಲ ಹಂಚಿದ್ದ. ಅದನ್ನು ನೋಡಿ ದೂರದ ಒಂದು ಕುಟುಂಬ ಫೋನ್ ಮಾಡಿದೆ. ಅದೇ ಮೂರಕ್ಷರದವರು. ಮುದುಕಿಯೊಬ್ಬಳು ಫೋನಿನಲ್ಲೇ ಅತ್ತುಬಿಟ್ಟಳಂತೆ, "ಇಷ್ಟು ವರ್ಷ ಆದ್ಮೇಲೆ ನಮ್ಮೋರು ಸಿಕ್ಕಿದ್ರಲ್ಲಪ್ಪಾ" ಎಂದು. ಏಳು ಜನ ಬರುತ್ತಾರೆ.

"ನೋಡಿದ್ರಾ, ರಕ್ತ ಕೂಗುತ್ತೆ ಅಂದ್ರೆ ಇದೇ!" ಅಂದ ಭಾವ. ಅವರ ಊಟ, ಉಳಿಯುವ ವ್ಯವಸ್ಥೆ ಎಲ್ಲ ತನ್ನದೇ ಅಂದ. ಆಮೇಲೆ ನೆನಪಾಗಿ, ರಾತ್ರಿ ಮಲಗುವುದು ನಮ್ಮ ಮನೆಯಲ್ಲಿ ಅಂದ.

ಮಾವ ಕೇಳಿಸಿಕೊಂಡರು. ಟಕ್ ಟಕ್ ನಿಂತಿತು. "ಯಾರು ಬರ್ತಾರಂತೆ?"

ಭಾವ ಕೂಗಿ ಹೇಳಿದ.

"ಬರ್ಲಿ" ಅಂದರು ಮಾವ. ಮತ್ತೆ ಮೊಳೆ.

ಏಪ್ರಿಲ್ ೧೧, ಶನಿವಾರ

ಸಿಂಹಗಳು ಮುಗಿದವು. ಇಪ್ಪತ್ತೈದಕ್ಕೂ ಅಗ್ಗದ ಪಟ್ಟಿ ಹಾಕಿದೆ. ಮೂಲೆ ಮಾತ್ರ ಸರಿ ಕೂಡಿಸಿದೆ. ಮೂಲೆ ಕೆಡಿಸುವಷ್ಟು ಸಿಟ್ಟು ಇನ್ನೂ ನನಗೆ ಬಂದಿಲ್ಲ.

ಮೂಲಪುರುಷನನ್ನು ಗೋಡೆಯಿಂದ ಇಳಿಸಿ ಹಾಲಿಗೆ ಸಾಗಿಸಿದೆವು. ಹೆಂಡತಿ ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಳು.

ನಾಳೆ ಸಂಜೆಗೆ ನನ್ನ ಕೆಲಸ ಹೋಗಿರುತ್ತದೆ. ಮಗಳು ತನ್ನ ಗಾಜು ಕೊಯ್ಯುವ ಕಟರ್ ಅನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ನೋಡಿಯೂ ನೋಡದವನ ಹಾಗೆ ಇದ್ದೆ.

ಏಪ್ರಿಲ್ ೧೩, ಸೋಮವಾರ, ಬೆಳಿಗ್ಗೆ

ನಿನ್ನೆಯ ಸಭೆಯದನ್ನು ಒಂದೂ ಬಿಡದೆ ಬರೆದಿಡಬೇಕು. ಇನ್ನೊಮ್ಮೆ ಇಂಥದ್ದು ನೋಡಲು ಸಿಗುವುದಿಲ್ಲ.

ಹಾಲ್ ತುಂಬ ಕುರ್ಚಿ, ಮುಕ್ಕಾಲು ಖಾಲಿ. ವೇದಿಕೆಯ ಮೇಲೆ ಸಿಂಹದ ಬ್ಯಾನರ್. ಪಕ್ಕದಲ್ಲಿ ಮೂಲಪುರುಷ. ಸಂಶೋಧಕ ಮುಕ್ಕಾಲು ಗಂಟೆ ಮಾತಾಡಿದ. ಮೂರಕ್ಷರಕ್ಕೆ ಮೂರು ಅರ್ಥ ಹೇಳಿದ, ಒಂದಕ್ಕೊಂದು ಸಂಬಂಧವಿಲ್ಲ. ಭಾವ ಎದ್ದು, ಹೆಸರು ಅಂದರೆ ರಕ್ತ, ಹೆಸರು ಇಲ್ಲದವನು ವಿಳಾಸ ಇಲ್ಲದ ಪಾರ್ಸೆಲ್ ಇದ್ದ ಹಾಗೆ ಅಂದ. ನನ್ನ ಕಡೆ ನೋಡಿಯೇ ಅಂದ.

ಆಮೇಲೆ, "ದೂರದಿಂದ ಬಂದಿರೋ ನಮ್ಮ ರಕ್ತಸಂಬಂಧಿಗಳು ವೇದಿಕೆಗೆ ಬರಬೇಕು!"

ಬೆಳಿಗ್ಗೆ ಬಸ್ಸು ತಡವಾಗಿ ಅವರು ನೇರ ಹಾಲಿಗೇ ಬಂದಿದ್ದರು. ಯಾರೂ ಅವರ ಮುಖ ಸರಿಯಾಗಿ ನೋಡಿರಲಿಲ್ಲ. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬೆಳಕಿಗೆ ಬಂದರು. ಮುದುಕಿ. ಅವಳ ಇಬ್ಬರು ಗಂಡುಮಕ್ಕಳು. ಮೊಮ್ಮಕ್ಕಳು. ಎಲ್ಲರ ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ಸೊಸೆಯೊಬ್ಬಳನ್ನು ಬಿಟ್ಟು ಎಲ್ಲರದೂ. ಫೋಟೊದ ಪಕ್ಕದಲ್ಲೇ ಸಾಲಾಗಿ ನಿಂತರು.

ಹಾಲಿನಲ್ಲಿ ಗುಸುಗುಸು. ಮುದುಕಿಗೆ ಅದ್ಯಾವುದೂ ಬೇಡ. ಫೋಟೊದ ಮುಂದೆ ಹೋಗಿ ಗಾಜಿನ ಮೇಲೆ ಕೈಯಿಟ್ಟು "ಅಜ್ಜಾ…" ಅಂದಳು. ಮೈಕು ಹತ್ತಿರವೇ ಇತ್ತು. ಎಲ್ಲರಿಗೂ ಕೇಳಿಸಿತು.

ಆಮೇಲೆ ಮಾವನ ಕಡೆ ತಿರುಗಿದಳು. "ಅಣ್ಣಾ, ನೀವು ನಮ್ಮಜ್ಜನ ಯಾವ ಮಗನ ಕಡೆಯೋರು? ನಮ್ಮಪ್ಪ ಒಬ್ಬರೇ ಮಗ ಅಂತ ನಾನು ತಿಳ್ಕೊಂಡಿದ್ದೆ."

ಮಾವ ವೇದಿಕೆಯ ಮೇಲಿನ ತಮ್ಮ ಕುರ್ಚಿಯಿಂದ ಏಳಲಿಲ್ಲ. ಮೈಕು ತರಿಸಿಕೊಂಡರು. ಅವರು ಒಮ್ಮೆಗೇ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಯಾವ ಮಗನೂ ಅಲ್ಲಮ್ಮ. ನಾವು ಅಂಗಡಿ ಕೊಂಡೋರು. ನಿಮ್ಮಜ್ಜ ಮಾರಿ ಹೋದ್ರು, ನಮ್ಮಪ್ಪ ಕೊಂಡ. ನಾನು ಆಗ ಇಷ್ಟುದ್ದ ಇದ್ದೆ. ನಿಮ್ಮಜ್ಜ ತಮ್ಮ ಫೋಟೊಗೇ ಫ್ರೇಮ್ ಹಾಕಿ ಸ್ಯಾಂಪಲ್ ಅಂತ ನೇತುಹಾಕಿದ್ರು. ಅದು ಉಳೀತು. ಬೋರ್ಡೂ ಉಳೀತು. ಬೇರೆ ಬರೆಸೋಕೆ ಪೇಂಟರ್ ದುಡ್ಡು ಕೇಳಿದ. ಏಣಿಗೆ ಬೇರೆ ಬಾಡಿಗೆ. ಇರೋದೇ ಇರ್ಲಿ ಅಂದ ನಮ್ಮಪ್ಪ. ಬೋರ್ಡು ನೋಡಿ ಜನ ಅದೇ ಹೆಸರಿಂದ ಕರೆದ್ರು. ಮೇಷ್ಟ್ರು ಶಾಲೇಲೂ ಅದನ್ನೇ ಬರೆದ್ರು. ತಿದ್ದಿಸೋಕೆ ಹೋದ್ರೆ ಒಂದು ದಿನ ಅಂಗಡಿ ಮುಚ್ಚಬೇಕು. ಅದೂ ಇರ್ಲಿ ಅಂದ."

ಇರೋದೇ ಇರಲಿ! ಸೇನಾಪತಿ, ಖಜಾನೆ, ಸಿಂಹ… ಕೊನೆಗೆ ಪೇಂಟರಿಗೆ ಕಾಸು ಬಿಚ್ಚದ ಜುಗ್ಗನೊಬ್ಬ. ಇವರು ಮಾತ್ರ ಮಾಡಬಹುದಾದ ಕೆಲಸ. ಬೇರೆ ಯಾರಾದರೂ ಮರೆತು ಹೆಸರು ಕಳೆದುಕೊಂಡಾರು. ಉಳಿತಾಯಕ್ಕೆಂದು ಇನ್ನೊಬ್ಬರ ಹೆಸರನ್ನೇ ಹೊದ್ದುಕೊಂಡವರು ಇವರೊಬ್ಬರೇ.

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಅಪ್ಪಾ, ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಸೇನಾಪತಿ ಹೌದಾ ಅಂತ ಕೇಳಿದ್ರಿ. ಬರ್ಕೊ ಅಂದೆ. ಹೆಸರು ಎಲ್ಲಿಂದ ಬಂತು ಅಂತ ಯಾರು ಕೇಳಿದ್ರಿ?" ಮಾವ ಜೇಬಿನಿಂದ ಅಂಗಡಿಯ ಬೀಗದ ಕೈ ತೆಗೆದರು. "ಇನ್ನು ಅಂಗಡಿ ವಿಷಯ. ಹೆಸರು ಯಾರದೋ ಅಂಗಡಿ ಅವರದೇ ಅಂತ ಮಗನಿಗೆ ಮಾತು ಕೊಟ್ಟಿದ್ದೀನಿ. ತಗೋಳಮ್ಮ."

ಮುದುಕಿ ಕಕ್ಕಾಬಿಕ್ಕಿ. ಭಾವ ಬಾಲ ಸುಟ್ಟ ಬೆಕ್ಕಿನಂತೆ ಹಾರಿ ಮೈಕು ಕಿತ್ತುಕೊಂಡ. "ಏನಪ್ಪಾ ಇದು! ಬರೀ ಹೆಸರು ನೋಡಿ ಯಾರಾದ್ರೂ ಅಂಗಡಿ ಕೊಡ್ತಾರಾ? ಹೆಸರಿಂದ ಹೊಟ್ಟೆ ತುಂಬುತ್ತಾ? ಅಂಗಡಿ ಅದರಲ್ಲಿ ದುಡಿದೋರದು!"

"ಏನಂದೆ? ನನಗೆ ಕಿವಿ ಮಂದ."

"ಅಂಗಡಿ ದುಡಿದೋರದು ಅಂದೆ!"

"ಇನ್ನೂ ಸ್ವಲ್ಪ ಜೋರಾಗಿ."

"ಅಂಗಡಿ! ದುಡಿದೋರದು!"

"ಎಲ್ಲರಿಗೂ ಕೇಳಿಸ್ತಾ?" ಅಂದರು ಮಾವ. ಹಿಂದಿನ ಸಾಲಿನಿಂದ ಯಾರೋ "ಕೇಳಿಸ್ತು" ಅಂದರು. ಮಾವ ವೇದಿಕೆ ಇಳಿದು ಬಂದು ಬೀಗದ ಕೈಯನ್ನು ನನ್ನ ಮಗಳ ಕೈಯಲ್ಲಿಟ್ಟು ಊಟದ ಸಾಲಿಗೆ ಹೋದರು. ಸಂಶೋಧಕ ಆಗಲೇ ಅಲ್ಲಿದ್ದ. ಸಭೆ ಮುರಿದರೂ ಆತ ಊಟ ಬಿಡಲಿಲ್ಲ.

ನನಗೆ ಕುಣಿಯುವಷ್ಟು ಖುಷಿ. ಸುಳ್ಳು ಯಾಕೆ ಹೇಳಲಿ? ಭಾವನ ಹತ್ತಿರ ಹೋಗಿ "ವಿಳಾಸ ಇಲ್ಲದ ಪಾರ್ಸೆಲ್ ತಲುಪಿತು" ಎನ್ನಬೇಕೆಂದು ಎದ್ದೆ. ಆಗ ಹೆಂಡತಿ ಕಣ್ಣಿಗೆ ಬಿದ್ದಳು. ಖಾಲಿ ಕುರ್ಚಿಗಳ ನಡುವೆ ಒಬ್ಬಳೇ ಕೂತು ಆ ಏಳು ಜನರನ್ನು ನೋಡುತ್ತಿದ್ದಳು. ಅವರು ಫೋಟೊದ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಮತ್ತೆ ಕೂತೆ. ಅವಳ ಪಕ್ಕದಲ್ಲಿ.

ಏಪ್ರಿಲ್ ೧೪

ಅವರೆಲ್ಲ ನಮ್ಮ ಮನೆಯಲ್ಲೇ ಇದ್ದರು. ಇವತ್ತು ಹೊರಟರು. ಮುದುಕಿ ಸಂಕೋಚದಿಂದ ಕೇಳಿದಳು. "ತಪ್ಪು ತಿಳ್ಕೋಬೇಡಮ್ಮ. ಆ ಫೋಟೊ… ನಮ್ಮ ಹತ್ರ ಅವರದು ಒಂದೂ ಇಲ್ಲ."

ಹೆಂಡತಿ ತಕ್ಷಣ ಹೂಂ ಅಂದಳು. ತೀರ ತಕ್ಷಣ.

ಹಳೆಯ ಫ್ರೇಮಿಗೆ ಹುಳು ಹಿಡಿದಿತ್ತು. ಮಗಳೂ ನಾನೂ ಹೊಸದು ಹಾಕಿದೆವು. ಅಂಗಡಿಯಲ್ಲಿದ್ದ ಅತ್ಯುತ್ತಮ ಪಟ್ಟಿ, ಹೊಸ ಮೊಳೆಯ ಪೊಟ್ಟಣ ಒಡೆದು. ಮಾವ ನೋಡಿದರು, ಖಾಲಿ ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡರು. ಭಾವ ಫೋನ್ ಮಾಡಿ "ಅವರಿಗೆ ಚಾರ್ಜ್ ಹಾಕಿ, ಅವರೇನು ನೆಂಟರಾ?" ಅಂದ. ಎರಡು ದಿನದ ಹಿಂದಿನ ರಕ್ತ! ಫೋನ್ ಇಟ್ಟೆ.

ಕಟ್ಟುವ ಮೊದಲು ಹೆಂಡತಿ ಗಾಜು ಒರೆಸಿದಳು. ನಿಧಾನವಾಗಿ.

"ನನ್ನ ಮುತ್ತಜ್ಜ ಅಲ್ದೇ ಇರಬಹುದು" ಅಂದಳು ಮುದುಕಿಗೆ. "ಆದ್ರೆ ನಾನು ಮಾತಾಡಿದ್ದು ಇವರ ಹತ್ರಾನೇ ಅಲ್ವಾ? ಅದೇನೂ ಸುಳ್ಳಾಗಲ್ಲ."

ಮುದುಕಿ ಅವಳ ಕೈ ಹಿಡಿದುಕೊಂಡಳು. "ನಾನು ನೋಡೇ ಇಲ್ಲಮ್ಮ ಅವರನ್ನ. ಹೆಸರು, ಈ ಕಣ್ಣು ನೋಡಿ ಗುರುತು ಹಿಡಿದೆ, ಅಷ್ಟೇ. ನನಗಿಂತ ನಿನಗೇ ಜಾಸ್ತಿ ಗೊತ್ತು."

ನಾನು ಒಳಗೆ ಹೋಗಿ ಸುಮ್ಮನೆ ಪಟ್ಟಿ ಕತ್ತರಿಸಿದೆ. ಯಾವ ಆರ್ಡರ್ರೂ ಇರಲಿಲ್ಲ.

ಅವರು ಹೋದ ಮೇಲೆ ಹೆಂಡತಿ ಮಾವನನ್ನು ಕೇಳಿದಳು. "ಅಪ್ಪಾ, ಆ ಬೋರ್ಡಿಗಿಂತ ಮೊದಲು ನಮ್ಮ ಹೆಸರು ಏನಿತ್ತು?"

"ನಮಗೆಲ್ಲಿ ಹೆಸರು? ಒಂದು ಅಕ್ಷರ, ಒಂದು ಚುಕ್ಕೆ."

ಮಾವ ನನ್ನ ಕಡೆ ನೋಡಲೂ ಇಲ್ಲ. ಮೊಳೆ ಎತ್ತಿಕೊಂಡರು. ಇಪ್ಪತ್ತು ವರ್ಷ ಆ ಜೋಕು ಕೇಳಿಸಿಕೊಳ್ಳುತ್ತಾ ಇದೇ ಕುರ್ಚಿಯಲ್ಲಿ ಕೂತಿದ್ದರು ಈ ಮನುಷ್ಯ. ಒಂದು ಮಾತು ಖರ್ಚು ಮಾಡಿದ್ದರೆ ಏನು ಕರಗಿಹೋಗುತ್ತಿತ್ತು? ಜುಗ್ಗ. ಜುಗ್ಗರ ಜುಗ್ಗ.

ಮೇ ೬

ಮಾವ ವಕೀಲರಲ್ಲಿಗೆ ಹೋಗಿ ಅಂಗಡಿಯನ್ನು ನನ್ನ ಮತ್ತು ಮಗಳ ಹೆಸರಿಗೆ ಮಾಡಿಸಿದರು. ಭಾವ ಸಾಕ್ಷಿ ಹಾಕಿದ. ಅಷ್ಟು ಜನರ ಮುಂದೆ ಮೂರು ಸಲ ಕೂಗಿದ ಮೇಲೆ ಇನ್ನೇನು ಮಾಡಿಯಾನು. ಆ ಇಪ್ಪತ್ತೈದು ಸಿಂಹ ನಮ್ಮಲ್ಲಿಗೇ ವಾಪಸ್ ಬಂದಿವೆ. ಎಸೆಯಲು ಹೋದೆ. ಫ್ರೇಮ್ ಚೆನ್ನಾಗಿದೆ… ಅಟ್ಟಕ್ಕೆ ಹಾಕಿದೆ.

ಮೇ ೨೦, ಬುಧವಾರ

ಬೆಳಿಗ್ಗೆ ಪೇಂಟರ್ ಬಂದ. ನಾನೇ ಕರೆಸಿದ್ದೆ. ಬೋರ್ಡು ಇಳಿಸಬೇಕು ಅಂದೆ. ಆತ ತಲೆಯೆತ್ತಿ ನೋಡಿದ, ಕೆಳಗಿನಿಂದ ಕೋಲಿನಲ್ಲಿ ತಟ್ಟಿದ. "ಸಾಗುವಾನಿ ಸಾರ್. ಇನ್ನೂ ನೂರು ವರ್ಷ ಬರುತ್ತೆ. ಇಳಿಸೋಕೇ ಎರಡು ಆಳು ಬೇಕು." ರೇಟು ಹೇಳಿದ. ಇನ್ನೊಮ್ಮೆ ಹೇಳಿಸಿದೆ, ಕಡಿಮೆಯಾಗಲಿಲ್ಲ. ಏಣಿಗೆ ಬೇರೆಯಂತೆ.

"ಹೊಸದ್ರಲ್ಲಿ ಏನಂತ ಬರೀಲಿ?"

ಹೆಂಡತಿ ಖಾಲಿ ಗೋಡೆಗೆ ಒರಗಿ ನಿಂತಿದ್ದಳು. ಮಗಳು ಗಾಜು ಕೊಯ್ಯುವುದನ್ನು ನಿಲ್ಲಿಸಿದಳು. ಒಂದು ಅಕ್ಷರ, ಒಂದು ಚುಕ್ಕೆ ಬರೆಸಬೇಕೆಂದು ಎಷ್ಟು ವರ್ಷದಿಂದ ಕಾದಿದ್ದೆ. ಬಾಯಿ ತೆರೆದೆ.

"ಸದ್ಯಕ್ಕೆ ಇರೋದೇ ಇರ್ಲಿ."

ಮೂಲೆಯಲ್ಲಿ ಟಕ್ ಟಕ್ ನಿಂತಿತು. ಮಾವ ನಕ್ಕರು. ಬೊಚ್ಚುಬಾಯಿ ತೆರೆದು, ಭುಜ ಕುಣಿಸಿ ನಕ್ಕರು. ಈ ಮನುಷ್ಯನಿಗೆ ನಗಲು ಬರುತ್ತದೆಂದೇ ಗೊತ್ತಿರಲಿಲ್ಲ.

ಸಿಟ್ಟು ಬಂತು. ರೇಟು ಜಾಸ್ತಿ, ಅಷ್ಟೇ. ಮಳೆಗಾಲ ಕಳೆಯಲಿ, ಇನ್ನೊಬ್ಬ ಪೇಂಟರನ್ನು ಕೇಳಿದರಾಯಿತು. ನಾನು ಇವರ ಹಾಗಲ್ಲ.

ಅಷ್ಟರಲ್ಲಿ ಹೊರಗೆ ಯಾರೋ ಗಿರಾಕಿ, ತಲೆಯೆತ್ತಿ ಬೋರ್ಡು ಓದಿ, ಆ ಮೂರಕ್ಷರ ಹಿಡಿದು ಕೂಗಿದ. "ಇದ್ದೀರೇನ್ರೀ ಒಳಗೆ?"

ಮನೆಯ ಮೂವರೂ ನನ್ನನ್ನೇ ನೋಡುತ್ತಿದ್ದರು.

"ಇದ್ದೀನಿ, ಬನ್ನಿ" ಅಂದೆ. ಯಾರಾದರೊಬ್ಬರು ಓಗೊಡಬೇಕಲ್ಲ, ಇಲ್ಲದಿದ್ದರೆ ಗಿರಾಕಿ ಹಾಗೇ ಹೊರಟುಹೋಗುತ್ತಾನೆ.